ಟ್ಯೂಬ್‌ಲೈಟಿನಿಂದ ಧ್ರುವಪ್ರಭೆಯ ತನಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಲಡಾಖ್‌ನ ಕೆಂಪು ಆಕಾಶದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಸುತ್ತು ಹೊಡೆದ ಮೇಲೆ ಧ್ರುವಪ್ರಭೆಯ (ಧ್ರುವಗಳ ಸುತ್ತ ರಾತ್ರಿ ಆಕಾಶ ಬಣ್ಣಬಣ್ಣವಾಗಿ ಬೆಳಗುವ ಅರೋರಾ) ಬಗ್ಗೆ ಪತ್ರ ಬರುವುದು ನಿಂತಿಲ್ಲ. ಘನ, ದ್ರವ, ಅನಿಲ, ಪ್ಲಾಸ್ಮಾ ಕುರಿತು ವಿದ್ಯಾರ್ಥಿಗಳಿಂದ, ಶಿಕ್ಷಕರಿಂದ, ಮೀನಿನ ವ್ಯಾಪಾರದವರಿಂದ ಬಂದ ಪ್ರಶ್ನೆಗಳೂ ಇವೆ. ಈ ಸಲ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇವೆ.

ಪ್ರಶ್ನೆ: ಪ್ಲಾಸ್ಮಾ ದ್ರವ್ಯದ ನಾಲ್ಕನೇ ಸ್ಥಿತಿ ಎಂದು ಪುಸ್ತಕದಲ್ಲಿದೆ. ಅದನ್ನು ಮನೆಯಲ್ಲೇ ನೋಡಬಹುದೇ? ದೀಪದ ಜ್ವಾಲೆ ಪ್ಲಾಸ್ಮಾವೇ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ನಿಮ್ಮ ಚಾವಡಿಯಲ್ಲಿ ಹಳೆಯ ನಾಲ್ಕಡಿ ಟ್ಯೂಬ್‌ಲೈಟ್ ಇನ್ನೂ ಉಳಿದಿದ್ದರೆ ಪ್ಲಾಸ್ಮಾ ಅಲ್ಲೇ ಇದೆ. ಎಲ್‌ಇಡಿ ಟ್ಯೂಬ್ ಆದರೆ ಇಲ್ಲ. ಅದರಲ್ಲಿ ಬೆಳಗುವುದು ಘನ ಪದಾರ್ಥ.

ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಬಂದರೆ ಉಳಿದದ್ದು ಅಯಾನು. ಇಂಥ ಅಯಾನುಗಳೂ ಬಿಡಿ ಎಲೆಕ್ಟ್ರಾನುಗಳೂ ಸಾಕಷ್ಟು ಸೇರಿ, ಇಡೀ ಅನಿಲ ವಿದ್ಯುತ್ತಿಗೂ ಕಾಂತಕ್ಕೂ ಒಟ್ಟಾಗಿ ಸ್ಪಂದಿಸತೊಡಗಿದರೆ ಅದು ಪ್ಲಾಸ್ಮಾ. ಈ ಹೆಸರಿಟ್ಟವರು ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್, 1928ರಲ್ಲಿ.

ಟ್ಯೂಬಿನೊಳಗೆ ಆರ್ಗಾನ್ ಇರುತ್ತದೆ, ಹೊರಗಿನ ಗಾಳಿಯ ಒತ್ತಡದ ಸುಮಾರು ಮುನ್ನೂರರಲ್ಲಿ ಒಂದು ಪಾಲಿನಷ್ಟು. ಜೊತೆಗೆ ಚೂರು ಪಾದರಸ. ಸ್ವಿಚ್ ಹಾಕಿದಾಗ ಮೊದಲು ಹೊತ್ತಿಕೊಳ್ಳುವುದು ಸ್ಟಾರ್ಟರ್. ಅದರೊಳಗಿನ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಒಂದಕ್ಕೊಂದು ತಾಗುತ್ತದೆ. ಆಗ ಟ್ಯೂಬಿನ ಎರಡೂ ತುದಿಯ ಫಿಲಮೆಂಟಿನಲ್ಲಿ ಕರೆಂಟ್ ಹರಿದು ಎಲೆಕ್ಟ್ರಾನ್ ಉದುರತೊಡಗುತ್ತದೆ. ಪಟ್ಟಿ ತಣಿದು ಬಿಟ್ಟುಕೊಂಡ ಕ್ಷಣ ಚೋಕ್ ಎಂಬ ತಂತಿಸುರುಳಿ ಹಲವು ನೂರು ವೋಲ್ಟ್‌ನ ಒಂದು ಹೊಡೆತ ಕೊಡುತ್ತದೆ, ಅನಿಲ ಪ್ಲಾಸ್ಮಾ ಆಗುತ್ತದೆ. ಚೋಕಿನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪ್ಲಾಸ್ಮಾದಲ್ಲಿ ಕರೆಂಟ್ ಹೆಚ್ಚಿದಷ್ಟೂ ಅದರ ತಡೆ ಕಡಿಮೆಯಾಗುತ್ತದೆ. ಹಿಡಿದು ನಿಲ್ಲಿಸುವವರು ಇಲ್ಲದಿದ್ದರೆ ಟ್ಯೂಬ್ ಸುಟ್ಟೇಹೋಗುತ್ತದೆ. ವೋಲ್ಟೇಜ್ ಇಳಿದಾಗ ಟ್ಯೂಬ್ ಮಿಣಮಿಣ ಎನ್ನುವುದು, ಚೋಕ್ ಹೊಡೆತ ಕೊಟ್ಟರೂ ಪ್ಲಾಸ್ಮಾ ನಿಲ್ಲದೆ ಸ್ಟಾರ್ಟರ್ ಮತ್ತೆ ಮತ್ತೆ ಶುರುಮಾಡುವುದರಿಂದ. ತುದಿ ಕಪ್ಪಾಗಿದ್ದರೆ ಫಿಲಮೆಂಟಿನ ಮೇಲಿನ ಲೇಪ ಖಾಲಿಯಾಗಿದೆ ಎಂದರ್ಥ. ಸ್ಟಾರ್ಟರ್ ಬದಲಿಸಿ ಪ್ರಯೋಜನವಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಉರಿಯುವ ಟ್ಯೂಬಿನ ಎಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಡಿಗ್ರಿಯ ಆಚೆ, ಗಾಜು ಮಾತ್ರ ಕೈ ಇಡುವಷ್ಟೇ ಬಿಸಿ. ಅನಿಲ ತೀರಾ ತೆಳು, ಆದ್ದರಿಂದ ತಾಪ ಎಷ್ಟೇ ಇದ್ದರೂ ಒಟ್ಟು ಶಾಖ ಅಲ್ಪ. ಇದನ್ನು ನೆನಪಿನಲ್ಲಿಡಿ, ಧ್ರುವಪ್ರಭೆಗೆ ಬೇಕಾಗುತ್ತದೆ.

ಎಣ್ಣೆದೀಪದ ಜ್ವಾಲೆಯಲ್ಲಿ ಅಯಾನುಗಳು ಇವೆ, ಆದರೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದರ ಹಳದಿ ಬೆಳಕು ಕಾದ ಮಸಿಯ ಕಣಗಳದ್ದು. ಹಿಂದೆ ಯಕ್ಷಗಾನದ ರಂಗಸ್ಥಳಕ್ಕೆ ಇಡುತ್ತಿದ್ದ ಗ್ಯಾಸ್‌ಲೈಟೂ ಪ್ಲಾಸ್ಮಾ ಅಲ್ಲ: ಅಲ್ಲಿ ಬೆಳಗುತ್ತಿದ್ದದ್ದು ಮ್ಯಾಂಟಲ್ ಎಂಬ ಬಲೆಚೀಲದ ಥೋರಿಯಂ ಆಕ್ಸೈಡು, ಅದೂ ಘನವೇ. ವೆಲ್ಡಿಂಗ್ ಕಿಡಿ ಪ್ಲಾಸ್ಮಾ, ಬರಿಗಣ್ಣಿನಿಂದ ನೋಡಬೇಡಿ. ಸಿಡಿಲು ಅದಕ್ಕಿಂತ ದೊಡ್ಡದು, ಸುಮಾರು 30 ಸಾವಿರ ಡಿಗ್ರಿ. ಸೂರ್ಯನ ಮೇಲ್ಮೈ 5,500 ಡಿಗ್ರಿ ಮಾತ್ರ.

ಪ್ರಶ್ನೆ: ಇಲ್ಲಿಯ ಗಾಣದ ತೆಂಗಿನೆಣ್ಣೆ ಬೆಂಗಳೂರಿನ ಮಗಳ ಮನೆಗೆ ಕಳಿಸಿದರೆ ಗಟ್ಟಿಯಾಗುತ್ತದಂತೆ. ಕಲಬೆರಕೆ ಇರಬಹುದೇ?
– ಗೃಹಿಣಿ, ಮೂಡುಬಿದಿರೆ

ಉತ್ತರ: ಇಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಸಾಕಷ್ಟು ಕೆಳಗಿಳಿಯುವುದು ಮುಖ್ಯವಾಗಿ ಡಿಸೆಂಬರ್–ಜನವರಿಯ ಬೆಳಗಿನ ಜಾವ, ಬೆಂಗಳೂರಿನಲ್ಲಿ ವರ್ಷದ ಬಹುಪಾಲು ರಾತ್ರಿ. ಎಣ್ಣೆ ಹಲವು ಕೊಬ್ಬುಗಳ ಮಿಶ್ರಣವಾದ್ದರಿಂದ ನೀರಿನ ಹಾಗೆ ಒಂದೇ ತಾಪದಲ್ಲಿ ಗಟ್ಟಿಯಾಗದೆ ಮೊದಲು ಮಬ್ಬು, ಆಮೇಲೆ ಹರಳು, ಕೊನೆಗೆ ಗಡ್ಡೆ. ಹಾಗೆಂದು ಹೆಪ್ಪುಗಟ್ಟಿತು ಎಂಬ ಮಾತ್ರಕ್ಕೆ ಶುದ್ಧ ಎನ್ನಲೂ ಬಾರದು. ಪಾಮ್ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಮಗ ನಾರ್ವೆಯಿಂದ ಕಳಿಸಿದ ಧ್ರುವಪ್ರಭೆಯ ಫೋಟೊದಲ್ಲಿ ಕೆಳಗೆ ನಸುಗೆಂಪು, ನಡುವೆ ಹಸಿರು, ಮೇಲೆ ಕೆಂಪು. ಬಣ್ಣ ಇದೇ ಕ್ರಮದಲ್ಲಿ ಯಾಕೆ? ಆ ಬೆಳಕು ಹುಟ್ಟುವುದಾದರೂ ಹೇಗೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಣಿಪಾಲ

ಉತ್ತರ: ಸೂರ್ಯನಿಂದ ಹೊರಟ ಕಣಗಳು ನೇರ ಬಂದು ಧ್ರುವಕ್ಕೆ ಬಡಿದು ಬೆಳಕಾಗುತ್ತವೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ. ಸೂರ್ಯನಿಂದ ಸದಾ ಹೊರಬೀಳುವ ಪ್ಲಾಸ್ಮಾಕ್ಕೆ ಸೌರಮಾರುತ ಎಂದು ಹೆಸರು. ಸೆಕೆಂಡಿಗೆ 300ರಿಂದ 800 ಕಿ.ಮೀ. ವೇಗ, ಭೂಮಿ ಮುಟ್ಟಲು ಸಾಮಾನ್ಯವಾಗಿ ಮೂರು–ನಾಲ್ಕು ದಿನ. ಹೊಳೆಯ ನಡುವಿನ ಬಂಡೆ ನೀರನ್ನು ಸೀಳುವ ಹಾಗೆ ಭೂಮಿಯ ಕಾಂತಕ್ಷೇತ್ರ ಇದನ್ನು ಎರಡು ಬದಿಗೆ ಸರಿಸುತ್ತದೆ. ಬಂಡೆಯ ಹಿಂದೆ ನೀರು ಉದ್ದಕ್ಕೆ ಎಳೆದುಕೊಳ್ಳುತ್ತದಲ್ಲ, ಹಾಗೆ ಭೂಮಿಯ ರಾತ್ರಿಯ ಬದಿಯಲ್ಲಿ ಕಾಂತರೇಖೆಗಳು ಲಕ್ಷಾಂತರ ಕಿ.ಮೀ. ಉದ್ದದ ಬಾಲವಾಗಿರುತ್ತವೆ.

ಸೌರಮಾರುತ ತನ್ನೊಂದಿಗೆ ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಹೆಚ್ಚೇನೂ ಆಗದು. ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದು ಭೂಮಿಯ ಕಾಂತರೇಖೆಗಳೊಂದಿಗೆ ಬೆಸೆದುಕೊಂಡು ಬಾಲಕ್ಕೆ ಶಕ್ತಿ ತುಂಬತೊಡಗುತ್ತದೆ. ಎಳೆದ ಕವಣೆಯ ರಬ್ಬರಿನ ಹಾಗೆ ಬಾಲ ಬಿಗಿಯುತ್ತದೆ. ಒಂದು ಹಂತದಲ್ಲಿ ಬಾಲದ ರೇಖೆಗಳು ಕಡಿದು ಬೇರೆ ರೀತಿ ಕೂಡಿಕೊಂಡು ಭೂಮಿಯ ಕಡೆಗೆ ಚಿಮ್ಮುತ್ತವೆ. ಆ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನುಗಳು, ಸೆಕೆಂಡಿಗೆ 20 ಸಾವಿರದಿಂದ 60 ಸಾವಿರ ಕಿ.ಮೀ. ವೇಗದಲ್ಲಿ, ಕಾಂತರೇಖೆಗಳ ಗುಂಟ ಮೇಲ್ವಾಯುಮಂಡಲಕ್ಕೆ ಇಳಿಯುತ್ತವೆ. ಈ ರೇಖೆಗಳು ನೆಲಕ್ಕೆ ಇಳಿಯುವ ಜಾಗ ಧ್ರುವಬಿಂದುವಲ್ಲ, ಅದರ ಸುತ್ತಲಿನ ಉಂಗುರ. ಅದಕ್ಕೇ ಪ್ರಭೆಯೂ ಉಂಗುರವಾಗಿ ಇರುತ್ತದೆ. ನಾರ್ವೆಯ ಉತ್ತರ ಭಾಗ ಅದರ ಅಡಿಯಲ್ಲೇ ಬರುತ್ತದೆ.

ಇನ್ನು ಬಣ್ಣ. 100 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ಸುಮಾರು ಮೂವತ್ತು ಲಕ್ಷದಲ್ಲಿ ಒಂದು ಪಾಲು. ಟ್ಯೂಬ್‌ಲೈಟ್ ಇದರ ಮುಂದೆ ದಟ್ಟ! ಅಲ್ಲಿ ಸೂರ್ಯನ ನೇರಳಾತೀತ ಕಿರಣ ಆಕ್ಸಿಜನ್ ಅಣುಗಳನ್ನು ಒಡೆದು ಬಿಡಿ ಪರಮಾಣು ಮಾಡಿರುತ್ತದೆ. ಎಲೆಕ್ಟ್ರಾನಿನ ಹೊಡೆತ ತಿಂದ ಈ ಪರಮಾಣು ತಕ್ಷಣ ಬೆಳಗುವುದಿಲ್ಲ, ಕಾಯುತ್ತದೆ. 557.7 ನ್ಯಾನೋಮೀಟರ್ ಅಲೆಯುದ್ದದ ಹಸಿರು ಬೆಳಕು ಬಿಡಲು ಸರಾಸರಿ ಮುಕ್ಕಾಲು ಸೆಕೆಂಡು. 630 ನ್ಯಾನೋಮೀಟರಿನ ಕೆಂಪಿಗೆ ಸುಮಾರು 110 ಸೆಕೆಂಡು, ಅಂದರೆ ಎರಡು ನಿಮಿಷಕ್ಕೆ ಹತ್ತಿರ. ಪರಮಾಣು ಲೋಕದಲ್ಲಿ ಅದು ಯುಗವೇ ಸರಿ. ಕಾಯುವ ಹೊತ್ತಿನಲ್ಲಿ ಪಕ್ಕದ ಅಣು ಬಂದು ಢಿಕ್ಕಿ ಹೊಡೆದರೆ ಶಕ್ತಿ ಅದಕ್ಕೆ ಹೋಯಿತು, ಬೆಳಕು ಇಲ್ಲ. ಎರಡು ನಿಮಿಷ ಯಾರೂ ಬಂದು ಕೆಡಿಸದಷ್ಟು ತೆಳುಗಾಳಿ 200 ಕಿ.ಮೀ.ಗಿಂತ ಮೇಲೆ ಮಾತ್ರ. ಆದ್ದರಿಂದ ಕೆಂಪು ಮೇಲೆ. ಮುಕ್ಕಾಲು ಸೆಕೆಂಡಿನ ಹಸಿರಿಗೆ 100ರಿಂದ 150 ಕಿ.ಮೀ. ಎತ್ತರವೇ ಸಾಕು. ಅದಕ್ಕಿಂತ ಕೆಳಗೆ ಹಸಿರೂ ಆರುತ್ತದೆ. ಅಲ್ಲಿ ನೈಟ್ರೋಜನ್ ಉಳಿಯಿತು. ಅದು ಕಾಯುವ ಜಾತಿಯಲ್ಲ, ಹೊಡೆತ ಬಿದ್ದ ಕೂಡಲೇ ಬೆಳಗುತ್ತದೆ. ಅಂಚಿನ ನಸುಗೆಂಪು, ನೇರಳೆ ಅದರದ್ದು. ಇಷ್ಟು ಕೆಳಗೆ ಇಳಿಯಲು ಎಲೆಕ್ಟ್ರಾನ್ ಜೋರಾಗಿಯೇ ಬರಬೇಕು, ಹಾಗಾಗಿ ಆ ಅಂಚು ಎಲ್ಲ ದಿನ ಕಾಣದು. ಮಗನ ಫೋಟೊ ಒಳ್ಳೆಯ ರಾತ್ರಿಯದ್ದು.

ಧ್ರುವಪ್ರಭೆ ಎಂದರೆ ಪ್ಲಾಸ್ಮಾ ಎಂಬ ಪಠ್ಯಪುಸ್ತಕದ ಮಾತಿಗೂ ಒಂದು ತಿದ್ದುಪಡಿ. ಶಕ್ತಿ ತರುವುದು ಪ್ಲಾಸ್ಮಾ ನಿಜ. ಹಸಿರು, ಕೆಂಪು ಬೆಳಕು ಬಿಡುವವು ಮಾತ್ರ ಎಲೆಕ್ಟ್ರಾನ್ ಕಳೆದುಕೊಳ್ಳದ, ಬರೀ ಪೆಟ್ಟು ತಿಂದ ಆಕ್ಸಿಜನ್ ಪರಮಾಣುಗಳು. ಆ ಎತ್ತರದ ಗಾಳಿ ಬಹುಪಾಲು ಇನ್ನೂ ಅನಿಲವೇ.

ಪ್ರಶ್ನೆ: 2024ರ ಮೇ ತಿಂಗಳಲ್ಲಿ ಲಡಾಖ್‌ನಲ್ಲಿ ಕಂಡದ್ದು ನಮ್ಮಲ್ಲಿ ಯಾಕೆ ಕಾಣಲಿಲ್ಲ? ಸುರತ್ಕಲ್ ಬೀಚಿನಿಂದ ಉತ್ತರಕ್ಕೆ ಕೆಂಪು ಬೆಳಕು ಕಂಡಿದೆ ಎನ್ನುವವರಿದ್ದಾರೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಸುರತ್ಕಲ್ಲಿನ ಕೆಂಪು ಬೆಳಕಿಗೆ ಸೂರ್ಯನ ತನಕ ಹೋಗಬೇಕಿಲ್ಲ. ತಗ್ಗಿನ ಮೋಡಕ್ಕೆ ರಿಫೈನರಿಯ ಜ್ವಾಲೆ, ಬಂದರಿನ ದೀಪ ಬಿದ್ದರೂ ಹಾಗೆಯೇ ಕಾಣುತ್ತದೆ. ಕಡಲಂಚಿನಲ್ಲಿ ಹಸಿರು ಬಿಳಿ ಮಿಶ್ರ ಬೆಳಕು ಕಂಡರೆ ಅದು ಬೋಟಿನ ದೀಪ.

2024ರ ಮೇ 10–11ರ ರಾತ್ರಿ ಬಹಳ ದೊಡ್ಡ ಕಾಂತೀಯ ಬಿರುಗಾಳಿ ಇತ್ತು, ಅಂದರೆ ಸೌರಮಾರುತದ ಅಬ್ಬರಕ್ಕೆ ಭೂಮಿಯ ಕಾಂತಕ್ಷೇತ್ರ ಕಲಕಿತ್ತು. ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿಯ ಕ್ಯಾಮೆರಾಗಳಿಗೆ ಸಿಕ್ಕಿದ್ದು ಉತ್ತರ ದಿಗಂತದ ಕೆಂಪು. ಅಂದರೆ ಬೆಳಕು ಹಾನ್ಲೆಯ ನೆತ್ತಿಯ ಮೇಲಿರಲಿಲ್ಲ, ಇನ್ನೂ ಉತ್ತರದಲ್ಲಿತ್ತು. ಲೆಕ್ಕ ಮಾಡಿ: 400 ಕಿ.ಮೀ. ಎತ್ತರದ ಬೆಳಕು ಭೂಮಿಯ ಉಬ್ಬಿನ ಆಚೆಗೆ ಮರೆಯಾಗುವ ಮುನ್ನ ಹೆಚ್ಚೆಂದರೆ 2,200 ಕಿ.ಮೀ. ದೂರದ ತನಕ ಕಾಣುತ್ತದೆ. ಮಂಗಳೂರಿನಿಂದ ಹಾನ್ಲೆಯೇ ಹೆಚ್ಚುಕಡಿಮೆ ಅಷ್ಟು ದೂರ. ಹಾನ್ಲೆಗೇ ದಿಗಂತದಲ್ಲಿದ್ದದ್ದು ನಮಗೆ ಭೂಮಿಯ ಮರೆಯಲ್ಲಿರುತ್ತದೆ.

ನಮಗೆ ಇನ್ನೊಂದು ಅಡ್ಡಿ ಜಾತಕದಲ್ಲೇ ಇದೆ. ಪ್ರಭೆಗೆ ಲೆಕ್ಕವಾಗುವುದು ಭೂಪಟದ ಅಕ್ಷಾಂಶವಲ್ಲ, ಭೂಮಿಯ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ಅಳೆದ ಕಾಂತೀಯ ಅಕ್ಷಾಂಶ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ. ತಿರುವನಂತಪುರದ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದೇ ಕಾರಣಕ್ಕೆ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿ ಚೆಲ್ಲಿ ಮುಸ್ಸಂಜೆಯ ಆಕಾಶದಲ್ಲಿ ಕಿತ್ತಳೆ ಮೋಡ ಮಾಡಿತ್ತು. ನಮ್ಮ ಅಕ್ಷಾಂಶಕ್ಕೆ ಬಣ್ಣದ ಆಕಾಶ ಬೇಕೆಂದರೆ ಅಂಥ ಉಪಾಯವೇ ಗತಿ.

ಹಾಗಂತ ಅಸಾಧ್ಯ ಎನ್ನುವಂತಿಲ್ಲ. 1872ರ ಫೆಬ್ರವರಿ 4ರ ಬಿರುಗಾಳಿಯಲ್ಲಿ ಮುಂಬಯಿಯಲ್ಲೇ ಪ್ರಭೆ ಕಂಡ ದಾಖಲೆಯಿದೆ. 1859ರ ಸೆಪ್ಟೆಂಬರ್ 2ರಂದು ಅದೇ ಊರಿನ ಕೊಲಾಬಾ ವೀಕ್ಷಣಾಲಯದ ಉಪಕರಣದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದು ದಾಖಲಾಗಿದೆ. ಇವತ್ತು ಅಂಥದ್ದು ಬಂದರೆ ನೋಡಲು ಹೊರಗೆ ಬರುವ ಮುನ್ನ ಕರೆಂಟ್ ಹೋದರೂ ಹೋಗಬಹುದು. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ 2024ರ ಜನವರಿ 6ರಿಂದ ಕೂತಿರುವ ಇಸ್ರೋ ನೌಕೆ ಆದಿತ್ಯ–ಎಲ್1ರ ಉಪಕರಣಗಳು ಸೌರಮಾರುತವನ್ನು ಅಳೆಯುತ್ತಿವೆ. ಆ ಜಾಗ ದಾಟಿದ ಸೌರಮಾರುತ ಸೆಕೆಂಡಿಗೆ 400 ಕಿ.ಮೀ. ವೇಗದ್ದಾದರೆ ನಮಗೆ ಉಳಿಯುವುದು ಒಂದು ಗಂಟೆ. 800 ಆದರೆ ಅರ್ಧ.

ಪ್ರಶ್ನೆ: ಐಸಿಗೆ ಉಪ್ಪು ಹಾಕಿದರೆ ಹೆಚ್ಚು ತಣ್ಣಗಾಗುತ್ತದೆ. ಆದರೆ ಹಾಗೆ ಇಟ್ಟ ಬಂಗುಡೆ ಮೆತ್ತಗಾಗಿ ದರ ಸಿಗಲಿಲ್ಲ. ತಪ್ಪು ಎಲ್ಲಿ?
– ಮೀನು ವ್ಯಾಪಾರಿ, ಮಲ್ಪೆ

ಉತ್ತರ: ತಪ್ಪು ಹೆಚ್ಚು ತಣ್ಣಗಾದದ್ದರಲ್ಲೇ. ಐಸ್ ಮತ್ತು ಉಪ್ಪಿನ ಮಿಶ್ರಣ −21 ಡಿಗ್ರಿಯ ತನಕ ಇಳಿಯಬಲ್ಲದು. ಮೀನಿನ ಮಾಂಸ −1ರಿಂದ −2 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ. ಪೆಟ್ಟಿಗೆಯಲ್ಲಿ ಅದು ನಿಧಾನವಾಗಿ ಆಗುವುದರಿಂದ ದೊಡ್ಡ ಹರಳು ಕಟ್ಟಿ ಮಾಂಸದ ಎಳೆ ಹರಿಯುತ್ತದೆ. ಕರಗಿದಾಗ ನೀರು ಬಿಟ್ಟು ಮೆತ್ತಗಾಗುತ್ತದೆ. ಫ್ರೀಜಿಂಗ್ ಪ್ಲಾಂಟಿನಲ್ಲಿ ಹೀಗಾಗದಿರುವುದು ಅಲ್ಲಿ ಬೇಗನೆ, ಸಣ್ಣ ಹರಳಾಗಿ ಹೆಪ್ಪುಗಟ್ಟಿಸುವುದರಿಂದ.

ತಾಜಾ ಮಾರುವ ಮೀನಿಗೆ ಕರಗುತ್ತಿರುವ ಸಾದಾ ಐಸೇ ಸರಿ. ಒಂದು ಕಿಲೋ ಐಸ್ ಸೊನ್ನೆ ಡಿಗ್ರಿಯಲ್ಲೇ ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ. 30 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 110 ಕಿಲೋಜೂಲ್ ತೆಗೆಯಬೇಕು, ಅದಕ್ಕೆ ಮೂರನೇ ಒಂದು ಕಿಲೋ ಐಸ್ ಸಾಕು. ಆದರೂ ಕಿಲೋಗೆ ಕಿಲೋ ಹಾಕುವುದು ಪೆಟ್ಟಿಗೆಯ ಗೋಡೆಯಿಂದ ಒಳಬರುವ ಶಾಖಕ್ಕಾಗಿ. ಐಸ್ ಪುಡಿಯಾಗಿರಲಿ, ದೊಡ್ಡ ಗಡ್ಡೆಯಾದರೆ ನಡುವೆ ಗಾಳಿ ನಿಂತು ಮೀನು ತಣಿಯದು, ಚೂಪು ಮೂಲೆ ಮೈ ಗೀರುತ್ತದೆ. ಅಡಿಯಲ್ಲೊಂದು ಪದರ, ಮೀನಿನ ಪ್ರತಿ ಸಾಲಿಗೊಂದು, ಮೇಲೊಂದು. ಕರಗಿದ ನೀರು ಹೊರಹೋಗುವ ತೂತು ಮುಚ್ಚಬೇಡಿ.

ಪ್ರಶ್ನೆ: ಬೆಳಕಿನಿಂದ ಅನಿಲ ಯಾವುದೆಂದು ಗುರುತಿಸುವುದನ್ನು ಹೈಸ್ಕೂಲ್ ಮಕ್ಕಳಿಗೆ ತೋರಿಸಲು ಸುಲಭ ಸಾಧನ ಇದೆಯೇ? ಸಿ.ಡಿ.ಯಲ್ಲಿ ಮಾಡಿ ನೋಡಿದೆವು, ಬಣ್ಣ ಕಲಸಿಹೋಯಿತು.
– ವಿಜ್ಞಾನ ಶಿಕ್ಷಕಿ, ಕಾರ್ಕಳ

ಉತ್ತರ: ಸಿ.ಡಿ. ಒಳ್ಳೆಯ ಆಯ್ಕೆ. ಅದರ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿಗೆ 625 ಗೆರೆ. ಬಣ್ಣ ಕಲಸಿದ್ದು ಬಹುಶಃ ಸೀಳಿನ ದಿಕ್ಕು ತಪ್ಪಿ.

ಸುಮಾರು 30 ಸೆ.ಮೀ. ಉದ್ದದ ಶೂ ಬಾಕ್ಸ್ ತೆಗೆದುಕೊಳ್ಳಿ. ಒಂದು ತುದಿಯ ಗೋಡೆಯಲ್ಲಿ ಕಿಟಕಿ ಕೊರೆದು, ಎರಡು ವಿಸಿಟಿಂಗ್ ಕಾರ್ಡಿನ ಅಂಚುಗಳನ್ನು ಎದುರುಬದುರು ಅಂಟಿಸಿ ಅರ್ಧ ಮಿಲಿಮೀಟರಿನ ಸೀಳು ಮಾಡಿ. ಸೀಳು ಅಡ್ಡವಾಗಿರಬೇಕು, ನೆಟ್ಟಗಲ್ಲ. ಎದುರು ತುದಿಯಲ್ಲಿ ಸಿ.ಡಿ.ಯ ಹೊಳೆಯುವ ಮೈ ಸೀಳಿನ ಕಡೆಗೆ ಮಾಡಿ, ಅದರ ಮೇಲ್ತುದಿ ಹಿಂದಕ್ಕೆ ಬಾಗಿಸಿ, ತಳಕ್ಕೆ 60 ಡಿಗ್ರಿ ಓರೆಯಲ್ಲಿ ನಿಲ್ಲಿಸಿ. ಸಿ.ಡಿ.ಯ ಸರಿ ಮೇಲೆ ಮುಚ್ಚಳದಲ್ಲಿ ನೋಡಲು ಒಂದು ತೂತು. ಸೀಳನ್ನು ದೀಪದ ಕಡೆ ಹಿಡಿದು ಮೇಲಿನಿಂದ ಕೆಳಗೆ ಇಣುಕಿ. ಸಿ.ಡಿ.ಯ ನಡುವಿನ ತೂತಿನ ನೇರ ಕೆಳಗೆ ಅಥವಾ ಮೇಲೆ ಇರುವ ಭಾಗವನ್ನೇ ಬಳಸಬೇಕು, ಗೆರೆಗಳು ಅಡ್ಡವಾಗಿ ಹರಿಯುವುದು ಅಲ್ಲೇ. ಬಲಕ್ಕೋ ಎಡಕ್ಕೋ ಜರುಗಿದರೆ ಗೆರೆ ಓರೆಯಾಗಿ ಬಣ್ಣ ಕಲಸುತ್ತದೆ. ಸೀಳು ಅಗಲವಾದರೂ ಅಷ್ಟೇ. ಒಳಗೆ ಬೆಳಕು ಸೋರುತ್ತಿದ್ದರೆ ಮೂಲೆಗಳಿಗೆ ಕಪ್ಪು ಟೇಪ್ ಹಾಕಿ.

ಸಿಎಫ್‌ಎಲ್‌ನಲ್ಲಿ ಬೇರೆಬೇರೆ ಪಟ್ಟಿ ಕಾಣುತ್ತದೆ: 436 ನ್ಯಾನೋಮೀಟರಿನ ನೀಲಿನೇರಳೆ ಮತ್ತು 546ರ ಹಸಿರು ಪಾದರಸದ್ದು, 611ರ ಆಸುಪಾಸಿನ ಕೆಂಪು ಗಾಜಿನ ಒಳಮೈಗೆ ಬಳಿದ ಪುಡಿಯದ್ದು. ಎಲ್‌ಇಡಿಯಲ್ಲಿ ಪಟ್ಟಿಗಳಿಲ್ಲ, ಬಣ್ಣ ಒಂದರೊಳಗೊಂದು ಸೇರಿಕೊಂಡಿರುತ್ತದೆ. ಗ್ಯಾಸ್ ಒಲೆಯ ಜ್ವಾಲೆಗೆ ಉಪ್ಪುನೀರಲ್ಲಿ ಅದ್ದಿದ ಕಬ್ಬಿಣದ ತಂತಿ ಹಿಡಿದರೆ 589ರ ಹಳದಿ ಗೆರೆ ಒಂದೇ ಒಂದು ಎದ್ದುಕಾಣುತ್ತದೆ. ಉಪ್ಪು ಹಾಕಿದ ಗಂಜಿ ಉಕ್ಕಿ ಒಲೆಗೆ ಬಿದ್ದಾಗ ಜ್ವಾಲೆ ಹಳದಿಯಾಗುವುದು ಇದೇ ಸೋಡಿಯಂನಿಂದ. ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ; ಒಣ ಉಪ್ಪು ಎರಚಬೇಡಿ, ಸಿಡಿಯುತ್ತದೆ. ಸೂರ್ಯನಿಗೆ ಸೀಳು ಹಿಡಿಯುವುದು ಬೇಡವೇ ಬೇಡ, ಬಿಸಿಲು ಬಿದ್ದ ಬಿಳಿ ಗೋಡೆ ಸಾಕು.

ಸ್ವೀಡನ್ನಿನ ಆಂಡರ್ಸ್ ಆಂಗ್ಸ್ಟ್ರಮ್ ಧ್ರುವಪ್ರಭೆಯ ಹಸಿರು ಗೆರೆಯನ್ನು ಇದೇ ವಿಧಾನದಿಂದ ಅಳೆದದ್ದು 1867ರಲ್ಲಿ. ಅದು ಆಕ್ಸಿಜನ್ನಿನದ್ದು ಎಂದು ಕೆನಡಾದ ಮೆಕ್‌ಲೆನ್ನನ್ ಮತ್ತು ಶ್ರಮ್ ಪ್ರಯೋಗಾಲಯದಲ್ಲಿ ತೋರಿಸಿದ್ದು 1925ರಲ್ಲಿ. ನಡುವಿನ 58 ವರ್ಷ ಯಾಕೆ ಹಿಡಿಯಿತು ಎಂದು ಮಕ್ಕಳಿಗೆ ಕೇಳಿ. ನೆಲದ ಮೇಲಿನ ದಟ್ಟ ಗಾಳಿಯಲ್ಲಿ ಆ ಪರಮಾಣುವಿಗೆ ಮುಕ್ಕಾಲು ಸೆಕೆಂಡು ಕಾಯಲು ಬಿಡುವು ಸಿಗುವುದಿಲ್ಲವಲ್ಲ!

ಪ್ರಶ್ನೆ: ದ್ರಾಕ್ಷಿಯನ್ನು ಎರಡು ಹೋಳು ಮಾಡಿ ಮೈಕ್ರೋವೇವ್‌ನಲ್ಲಿಟ್ಟರೆ ಪ್ಲಾಸ್ಮಾ ಬರುವ ವಿಡಿಯೊ ನಿಜವೇ? ಮಾಡಬಹುದೇ?
– ಒಂಬತ್ತನೇ ತರಗತಿ, ಕದ್ರಿ, ಮಂಗಳೂರು

ಉತ್ತರ: ನಿಜ. ಮಾಡಬೇಡಿ. ಓವನ್ನಿನ ಅಲೆಯ ಉದ್ದ ಗಾಳಿಯಲ್ಲಿ 12 ಸೆ.ಮೀ., ನೀರು ತುಂಬಿದ ದ್ರಾಕ್ಷಿಯೊಳಗೆ ಒಂದೂಕಾಲು ಸೆ.ಮೀ. ಆಸುಪಾಸು, ಅಂದರೆ ದ್ರಾಕ್ಷಿಯ ಗಾತ್ರದಷ್ಟೇ. ಹಾಗಾಗಿ ಅಲೆ ಒಳಗೆ ಸಿಕ್ಕಿಕೊಂಡು, ಎರಡು ಹೋಳು ತಾಗುವ ಜಾಗದಲ್ಲಿ ಶಕ್ತಿ ಒಟ್ಟಾಗಿ ಕಿಡಿ ಹೊತ್ತುತ್ತದೆ. 2019ರಲ್ಲಿ ಕೆನಡಾದ ಸಂಶೋಧಕರು ಇದನ್ನು ವಿವರಿಸಿದ್ದಾರೆ. ಮೇಲೆದ್ದ ಪ್ಲಾಸ್ಮಾ ಓವನ್ನಿನ ಒಳಮೈ ಸುಡುತ್ತದೆ, ಹಿಂದಿರುಗಿದ ಶಕ್ತಿ ಅಲೆ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನನ್ನು ಕೆಡಿಸಬಹುದು. ಪ್ಲಾಸ್ಮಾ ನೋಡಲು ಟ್ಯೂಬ್‌ಲೈಟ್ ಇದೆಯಲ್ಲ.

ಪ್ರಶ್ನೆ: ಬರುವ ಚಳಿಗಾಲದಲ್ಲಿ ನಾರ್ವೆಯ ಟ್ರಾಮ್ಸೊಗೆ ಹೋಗುವವರಿದ್ದೇವೆ. ಪ್ರಭೆ ನೋಡಲು, ಫೋಟೊ ತೆಗೆಯಲು ಏನೇನು ಗಮನಿಸಬೇಕು?
– ದಂಪತಿ, ಕುಂದಾಪುರ

ಉತ್ತರ: ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯ ತನಕ ಸಕಾಲ. ಬೇಸಿಗೆಯಲ್ಲಿ ಪ್ರಭೆ ಇರುತ್ತದೆ, ಕತ್ತಲೆ ಇರುವುದಿಲ್ಲ. ಟ್ರಾಮ್ಸೊ ಪ್ರಭೆಯ ಉಂಗುರದ ಅಡಿಯಲ್ಲೇ ಇರುವುದರಿಂದ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು 0ರಿಂದ 9ರ ತನಕ ಹೇಳುವ ಅಂಕಿ) 2 ಇದ್ದರೂ ಕಾಣಬಹುದು. 7 ಬರಲಿ ಎಂದು ಹೋಟೆಲಿನಲ್ಲಿ ಕಾದು ಕೂರಬೇಡಿ. ಅಲ್ಲಿ ಮೋಸ ಮಾಡುವುದು ಸೂರ್ಯನಲ್ಲ, ಮೋಡ. ಒಂದೇ ರಾತ್ರಿ ನಂಬಿ ಹೋಗದೆ ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಿ. ಸಂಜೆ 8ರಿಂದ ರಾತ್ರಿ 1ರ ನಡುವೆ ಹೊರಗಿರಿ. ಮೊದಲಿಗೆ ಕಣ್ಣಿಗೆ ಕಾಣುವುದು ಬೂದು ಬಣ್ಣದ ಪಟ್ಟಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು. ಮೋಡವೆಂದು ತಿರುಗಿ ಬರಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಹಸಿರು ಬಂದರೆ ಅದೇ.

ಕ್ಯಾಮೆರಾಗೆ ಸ್ಟ್ಯಾಂಡ್ ಬೇಕೇಬೇಕು. ಎಫ್/2.8, ಐಎಸ್‌ಓ 1600ರಿಂದ 3200, ಶಟರ್ 5ರಿಂದ 10 ಸೆಕೆಂಡು. ಪ್ರಭೆ ಜೋರಾಗಿ ಕುಣಿಯುತ್ತಿದ್ದರೆ 2–3 ಸೆಕೆಂಡು ಸಾಕು, ಇಲ್ಲವಾದರೆ ಮಡಿಕೆಗಳೆಲ್ಲ ಕಲಸಿ ಹಸಿರು ಮುದ್ದೆಯಾಗುತ್ತದೆ. ಫೋಕಸ್ ಆಟೊದಲ್ಲಿಡದೆ ಹೊಳೆಯುವ ನಕ್ಷತ್ರವೊಂದನ್ನು ಪರದೆಯಲ್ಲಿ ದೊಡ್ಡದು ಮಾಡಿ ಕೈಯಲ್ಲೇ ಹೊಂದಿಸಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ ಮೈಗೆ ತಾಗಿ ಇರಲಿ, ಚಳಿಗೆ ಅದು ಬೇಗ ಇಳಿಯುತ್ತದೆ.

ಮಳೆಗಾಲದಲ್ಲಿ ಎ.ಸಿ. ಕೋಣೆಯಿಂದ ಹೊರಬಂದರೆ ಕನ್ನಡಕ ಮಂಜಾಗುವುದು ನಮಗೆ ಗೊತ್ತಿದೆ. ಅಲ್ಲಿ ಅದು ಹೊರಗಿನಿಂದ ಒಳಬರುವಾಗ ಆಗುತ್ತದೆ, ಕ್ಯಾಮೆರಾದ ಹೊಟ್ಟೆಯೊಳಗೂ ಆಗುತ್ತದೆ. ಹೊರಗೇ ಇರುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿಯಾಡದಂತೆ ಮುಚ್ಚಿ, ಒಳಗೆ ತಂದು ಒಂದೆರಡು ಗಂಟೆ ತೆರೆಯದೆ ಬಿಡಿ. ನೀರು ಚೀಲದ ಮೇಲೆ ಕೂರುತ್ತದೆ. ಮೆಮೊರಿ ಕಾರ್ಡ್ ಮಾತ್ರ ಚೀಲಕ್ಕೆ ಹಾಕುವ ಮೊದಲೇ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಕುತೂಹಲಕ್ಕೆ ಯಾರಾದರೂ ಚೀಲ ಬಿಚ್ಚುತ್ತಾರೆ.

ಪ್ರಶ್ನೆ: ಕೆಲವು ರಾತ್ರಿ ಕಡಲ ತೆರೆ ನೀಲಿಯಾಗಿ ಬೆಳಗುತ್ತದೆ. ಅದೂ ಪ್ಲಾಸ್ಮಾವೇ?
– ಓದುಗರು, ಸಸಿಹಿತ್ಲು

ಉತ್ತರ: ಅಲ್ಲ. ಅದು ನಾಕ್ಟಿಲುಕಾದಂಥ ಸೂಕ್ಷ್ಮಜೀವಿಗಳ ಬೆಳಕು. ತೆರೆ ಒಡೆದಾಗ ಅಲುಗಾಟಕ್ಕೆ ಜೀವಕೋಶದೊಳಗೆ ರಾಸಾಯನಿಕ ಕ್ರಿಯೆ ನಡೆದು ಬೆಳಗುತ್ತವೆ, ಬಿಸಿ ಇಲ್ಲ. ಅಲ್ಲಿಯೂ ಕಣವೊಂದು ಶಕ್ತಿ ಪಡೆದು ಕೆಳಗಿಳಿಯುವಾಗ ಬೆಳಕು ಬಿಡುವುದೇ ಹೌದು, ಆದರೆ ಶಕ್ತಿ ಕೊಡುವುದು ಎಲೆಕ್ಟ್ರಾನಿನ ಹೊಡೆತವಲ್ಲ, ಆಕ್ಸಿಜನ್ನಿನೊಂದಿಗಿನ ರಾಸಾಯನಿಕ ಕ್ರಿಯೆ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ಕತ್ತಲೆ ಕೋಣೆಯಲ್ಲಿ ಕುಲುಕಿ ನೋಡಿ. ಒಂದೆರಡು ಸಲ ಬೆಳಗಿ ಮಂಕಾಗುತ್ತದೆ. ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಟ್ಟರೆ ಮತ್ತೆ ಬೆಳಗುತ್ತದೆ.